ಆಂಜಿನಪ್ಪ ಮಾವನ ವಿಮಾನ

ಆಂಜಿನಪ್ಪ ಮಾವನ ಮನೆಯ ಪ್ಲಾಸ್ಟಿಕ್ ಕುರ್ಚಿಗೆ ಸೀಟ್ ಬೆಲ್ಟ್ ಇತ್ತು. ಗುಜರಿಗೆ ಬಿದ್ದಿದ್ದ ಯಾವುದೋ ವ್ಯಾನಿನದು. ತಂತಿಯಲ್ಲಿ ಕುರ್ಚಿಯ ಬೆನ್ನಿಗೆ ಬಿಗಿದಿದ್ದರು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸಲು ಯಾರೇ ಕುಳಿತರೂ ಅದನ್ನು ಹಾಕಿಕೊಳ್ಳಲೇಬೇಕು. "ಕುರ್ಚಿ ಎಲ್ಲಿಗ್ ಹಾರೋಗುತ್ತೆ ಅಂತ ಈ ಕಟ್ಟು?" ಎಂದು ಅವರ ಹೆಂಡತಿ ಲಕ್ಷ್ಮಮ್ಮತ್ತೆ ಅಡುಗೆಮನೆಯಿಂದಲೇ ರೇಗುತ್ತಿದ್ದರು. ಮಾವ ನನ್ನ ಕಡೆ ತಿರುಗಿ, "ನೀನ್ ಹಾಕ್ಕೊಳಮ್ಮ. ಹಾರೋವ್ರಿಗೆ ಭಯಭಕ್ತಿ ಇರ್ಬೇಕು" ಎನ್ನುತ್ತಿದ್ದರು.

ಏರ್‌ಪೋರ್ಟಿನ ಹತ್ತಿರದ ಹಳ್ಳಿ ಆವತಿಯಲ್ಲಿ ನಮ್ಮದು ಅವರ ಪಕ್ಕದ ಮನೆ. ನನಗೆ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕೆಲಸ. ರಜೆ ಸಿಕ್ಕರೆ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಚಟ. ಮಾವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಕೈ ನಡುಗುತ್ತಿತ್ತು. ಹಾಗಾಗಿ ಲೆಕ್ಕ ಅವರದು, ಹಾರಾಟ ನನ್ನದು. ದಿನವಿಡೀ ನಮ್ಮ ನೆತ್ತಿಯ ಮೇಲೇ ದೊಡ್ಡ ದೊಡ್ಡ ವಿಮಾನಗಳು ಇಳಿಯುತ್ತವೆ. ಮಾವ ಒಮ್ಮೆಯೂ ಕತ್ತೆತ್ತಿ ನೋಡಿದವರಲ್ಲ. "ಅವು ಬಸ್ಸು ಕಣಮ್ಮ, ಬಸ್ಸು."

ಅವರಿಗೆ ಬೇಕಿದ್ದದ್ದು ಒಂದೇ ವಿಮಾನ, ವಾಯುಪಡೆಯಲ್ಲಿದ್ದ ಅವರ ತಮ್ಮ ರವಿ ಓಡಿಸುತ್ತಿದ್ದ ಹಳೆಯ ಯುದ್ಧವಿಮಾನ. ತರಬೇತಿಯ ಹಾರಾಟದಲ್ಲಿ ಅದು ಬಿದ್ದು ರವಿ ಹೋಗಿಬಿಟ್ಟಿದ್ದ. ತಪ್ಪು ಪೈಲಟ್‌ನದೇ ಎಂದು ತನಿಖೆ ಮಾಡಿದವರು ಹೇಳಿದರು. ಮಾವ ನಂಬಲಿಲ್ಲ. ಪಿತೃಪಕ್ಷದಲ್ಲಿ ಮನೆಯ ಹಿರಿಯರಿಗೆಲ್ಲ ಎಡೆ ಇಡುವವರು ರವಿಗೆ ಮಾತ್ರ ಇಡುತ್ತಿರಲಿಲ್ಲ. "ತಪ್ಪು ಹೊತ್ಕೊಂಡೋನು ಊಟಕ್ ಹೆಂಗ್ ಕೂರ್ತಾನೆ? ಮೊದ್ಲು ಅದು ತಲೆ ಮೇಲಿಂದ ಇಳೀಲಿ" ಎನ್ನುತ್ತಿದ್ದರು. ಅತ್ತೆ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಸೊಂಟದ ಮೇಲೆ ಎತ್ತಿ ಆಡಿಸಿದ್ದ ಮೈದುನ ಅವನು.

ಆಟದೊಳಗಿದ್ದ ಆ ವಿಮಾನ ಹೇಳಿದ ಹಾಗೆ ಕೇಳುತ್ತಿತ್ತು. "ಇದ್ಯಾವ್ ಗೊಂಬೆ?" ಎಂದು ಮಾವ ಅದರ ಲೆಕ್ಕಗಳನ್ನು ತಿದ್ದಲು ಕುಳಿತರು. ರೆಕ್ಕೆ ಎಷ್ಟು ಭಾರ ಹೊರುತ್ತದೆ, ಮೂತಿಯನ್ನು ಎಷ್ಟು ಮೇಲೆತ್ತಿದರೆ ಗಾಳಿ ಕೈಕೊಡುತ್ತದೆ, ಎಲ್ಲವೂ ಅಂಕಿಗಳಲ್ಲಿರುತ್ತದೆ. "ಸಾಸಿವೆಕಾಳಷ್ಟು ಕಮ್ಮಿ ಮಾಡಿದೀನಿ, ಈಗ್ ತಿರುಗ್ಸು" ಎನ್ನುವರು. ವಿಮಾನ ನಡೆಸಲು ಮೇಜಿನ ಮೇಲೊಂದು ಸ್ಟಿಕ್ ಇತ್ತು, ನಾನು ಅದನ್ನು ಎಳೆಯುವೆ. ಮತ್ತೆ ಸಾಸಿವೆಕಾಳು. ಕೊನೆಗೊಂದು ದಿನ ಮೆಲ್ಲಗೆ ತಿರುಗಿಸಿದರೂ ಸಾಕು, ವಿಮಾನ ಪಲ್ಟಿ ಹೊಡೆದು ಬೀಳತೊಡಗಿತು. ಮಾವ ಚಪ್ಪಾಳೆ ತಟ್ಟಿದರು. "ನೋಡ್ದೇನೇ ಲಕ್ಷ್ಮೀ! ಇಂಥ ದರಿದ್ರ ವಿಮಾನ ಕೊಟ್ರೆ ಹುಡ್ಗ ಏನ್ ಮಾಡ್ತಾನೆ?" ಎಡೆಗೆಂದು ರವಿಗೆ ಹೊಸ ಪಂಚೆಯನ್ನೂ ತಂದರು.

ಆ ಖುಷಿಯಲ್ಲೇ ರವಿಯ ಜೊತೆ ಹಾರಿದ್ದ ಗೆಳೆಯರೊಬ್ಬರನ್ನು ಕರೆಸಿದರು. ಅವರು ಬೆಲ್ಟ್ ಹಾಕಿಕೊಂಡು, ಸ್ವಲ್ಪ ಹೊತ್ತು ಹಾರಿಸಿ, ತಲೆ ತಗ್ಗಿಸಿದರು. "ಅಣ್ಣಾ, ಇದು ನಮ್ ವಿಮಾನ ಅಲ್ಲ. ನಮ್ದು ಬೀಳೋಕ್ ಮುಂಚೆ ಗಡಗಡ ಅಂತ ನಡುಗಿ ಹೇಳ್ತಿತ್ತು. ಬೀಳ್ತಿದ್ರೂ ಅಷ್ಟೇ, ಸ್ಟಿಕ್ ಬಿಟ್ಟು ಕೈ ತೆಗೆದ್ರೆ ತಾನೇ ಎದ್ಕೊಳ್ತಿತ್ತು."

ಅವರು ಹೊರಟ ಮೇಲೆ ನನಗೆ ಮೈಯೆಲ್ಲ ಉರಿಯಿತು. "ಹೀಗೇ ಇರ್ಲಿ ಬಿಡಿ ಮಾವ! ಯಾರ್ ಬಂದು ಕೇಳ್ತಾರೆ?" ಎಂದೆ.

"ವಿಮಾನದ್ ಮೇಲೆ ನಾನು ಸುಳ್ಳು ಹೊರ್ಸಿದ್ರೆ, ರವಿ ಮೇಲೆ ಹೊರ್ಸಿದೋರ್ಗೂ ನಂಗೂ ಏನಮ್ಮ ವ್ಯತ್ಯಾಸ?"

ಒಂದೊಂದೇ ಸಾಸಿವೆಕಾಳು ವಾಪಸ್ ಹಾಕಿದರು. ಲೆಕ್ಕ ಸರಿಹೋದಷ್ಟೂ ಮಾವನ ಮುಖ ಬಾಡುತ್ತಿತ್ತು. ಗೆಳೆಯರು ಮತ್ತೆ ಬಂದು ಹಾರಿಸಿ, "ಇದೇ ಅಣ್ಣಾ, ಸಾಕ್ಷಾತ್ ಅದೇ" ಎಂದರು. ನಾನು ಕೈ ಬಿಟ್ಟಾಗಲೆಲ್ಲ ವಿಮಾನ ತಾನಾಗಿ ಎದ್ದುಕೊಂಡಿತು.

ಆವತ್ತು ಮಾವ ಮೊದಲ ಸಲ ತಾವೇ ಬೆಲ್ಟ್ ಹಾಕಿಕೊಂಡರು. ವಿಮಾನ ನಡುಗಿತು, ಪಲ್ಟಿ ಹೊಡೆಯಿತು, ಪರದೆಯ ತುಂಬ ನೆಲ ಬಂತು. "ಬಿಡಿ ಮಾವ, ಕೈ ಬಿಡಿ!" ಎಂದು ಕೂಗಿದೆ. ಬಿಡಲಿಲ್ಲ. ಎರಡೂ ಕೈಯಲ್ಲಿ ಸ್ಟಿಕ್ ಎದೆಗೆ ಎಳೆದುಕೊಂಡೇ ನೆಲಕ್ಕೆ ಹೋದರು. ಇನ್ನೊಮ್ಮೆ ಏರಿದರು, ಮತ್ತೆ ಹಾಗೆಯೇ.

"ಲೆಕ್ಕ ಬರ್ದೋನು ನಾನೇ. ಗೊತ್ತಿದ್ದೂ ಬಿಡಕ್ಕಾಗ್ಲಿಲ್ವಲ್ಲಮ್ಮ. ಅವ್ನಿನ್ನೂ ಹುಡ್ಗ, ಅವ್ನೆಲ್ಲಿ ಬಿಟ್ಟಾನು" ಎಂದರು. ಆಮೇಲೆ, "ತಪ್ಪು ಅವ್ನದೇ" ಎಂದು ಬೆಲ್ಟ್ ಬಿಚ್ಚದೆ ಅತ್ತರು. ನಾನು ಅವರ ಬೆನ್ನು ಸವರಿದೆ.

ಆ ಪಿತೃಪಕ್ಷದಲ್ಲಿ, "ತಪ್ಪು ಹೊತ್ಕೊಂಡೇ ಬಂದು ಉಣ್ಲಿ" ಎಂದು ರವಿಗೆ ಎಡೆ ಇಟ್ಟರು. ಮುದ್ದೆ, ಕೋಳಿಸಾರು, ಆ ಹೊಸ ಪಂಚೆ. ಇನ್ನಾದರೂ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮಾವ ಕಂಪ್ಯೂಟರ್ ಕಡೆ ತಿರುಗಿಯೂ ನೋಡಲಿಲ್ಲ. ಜಗಲಿಯ ಮೇಲೆ ಕೂತಿರುವರು. ಮೇಲೊಂದು ವಿಮಾನ ಸದ್ದು ಮಾಡಿದರೆ ಬಲಗೈ ಗಟ್ಟಿಯಾಗಿ ಮುಷ್ಟಿ ಕಟ್ಟುತ್ತಿತ್ತು. ಹಾಗೇ ಕೂತಲ್ಲೇ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಬಿಗಿದ ಮುಷ್ಟಿಯನ್ನು ಬಿಡಿಸಲು ಅತ್ತೆ ಬಹಳ ಕಷ್ಟಪಟ್ಟರು.

ಈ ಸಲ ಎಡೆ ಇಬ್ಬರಿಗೂ. ಹೋದವರಿಗೆ ಇಷ್ಟವಾದದ್ದನ್ನು ಮುಂದಿಡುವುದು ನಮ್ಮಲ್ಲಿ ಪದ್ಧತಿ. ನಾನು ಸ್ಟಿಕ್ಕಿನ ಧೂಳು ಒರೆಸಿ ಮಾವನ ಎಲೆಯ ಪಕ್ಕ ಇಡಹೋದೆ. ಅತ್ತೆ ಓಡಿಬಂದು ಕಿತ್ತುಕೊಂಡರು.

"ಬೇಡ ಕಣಮ್ಮ. ಅಣ್ಣತಮ್ಮ ಇಬ್ರೂ ಒಂದ್ಸಲ ಹಿಡ್ಕೊಂಡ್ರೆ ಬಿಡೋ ಪೈಕಿ ಅಲ್ಲ."