ಒಂದಂಚಿನ ಅಂಟು

ಭೂಪಟದಲ್ಲಿಲ್ಲದ ಒಂದು ದೇಶದ ಕೋರ್ಟಿನ ಗ್ರಂಥಾಲಯದ ಮಟ್ಟಿಗೆ ಸಂವಿಧಾನವನ್ನು ತಿದ್ದುವವನು ಅಂಟಣ್ಣನೇ. ಸಂಸತ್ತು ಬರೀ ಕೈ ಎತ್ತುತ್ತದೆ. ತಿದ್ದಿದ ಸಾಲುಗಳು ಅಚ್ಚಾಗಿ ಬಂದಾಗ ಅವನ್ನು ಕತ್ತರಿಸಿ ಹಳೆಯ ಸಾಲಿನ ಮೇಲೆ ಚೀಟಿ ಕೂರಿಸುವವನು ಅವನು. ಅಲ್ಲಿಗೆ ದೇಶ ಬದಲಾಯಿತು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಸೇರಿದ ಹೊಸದರಲ್ಲಿ ಅವನೂ ಚೀಟಿಯ ಬೆನ್ನಿಗೆಲ್ಲ ಮೈದಾ ಅಂಟು ಬಳಿದವನೇ. ಆರನೆಯ ತಿದ್ದುಪಡಿಯನ್ನು ಹಾಗೆ ಕೂರಿಸಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಏಳನೆಯದು ಬಂತು: ಆರನೆಯದು ರದ್ದು! ಚೀಟಿ ಕೆರೆಯಲು ಹೋಗಿ ಪುಟವೇ ಹರಿಯಿತು. ಬೈಗುಳ ತಿಂದದ್ದು ಸಂಸತ್ತಲ್ಲ, ಇವನು. ಅಂದಿನಿಂದ ಚೀಟಿಯ ಎಡ ಅಂಚಿಗಷ್ಟೇ ಅಂಟು.

"ನಾಳೆ ಇವ್ರ ಮನಸ್ಸು ಬದಲಾದ್ರೆ ಕೆರೆಯೋನು ನಾನು ತಾನೆ?"

ಹೀಗಾಗಿ ಚೀಟಿ ಎತ್ತಿದರೆ ಹಳೆಯ ಮಾತು ಕೆಳಗೆ ತಣ್ಣಗೆ ಮಲಗಿರುತ್ತಿತ್ತು. ಕೆಲವು ವಿಧಿಗಳ ಮೇಲೆ ಮೂರು ಮೂರು ಚೀಟಿ. ದಾರ ಬಿಗಿಯದಿದ್ದರೆ ಪುಸ್ತಕ ಮುಚ್ಚುತ್ತಲೇ ಇರಲಿಲ್ಲ. ಅದರದೇ ಚಿಂತೆಯಲ್ಲಿ ಮನೆಗೆ ಬರುವ ಗಂಡನನ್ನು ನೋಡಿ ಹೆಂಡತಿ ಹೇಳುತ್ತಿದ್ದಳು: "ನನ್ ಜೊತೆನೂ ನೀವು ಒಂದಂಚಲ್ಲೇ ಅಂಟ್ಕೊಂಡಿರೋದು. ಮಿಕ್ಕಿದ್ದೆಲ್ಲ ಆ ಪುಸ್ತಕಕ್ಕೆ."

ನಿವೃತ್ತಿಗೆ ಒಂದು ತಿಂಗಳಿರುವಾಗ ಗ್ರಂಥಾಲಯಕ್ಕೆ ಹೊಸ ಮೇಡಂ ಬಂದರು. ಫ್ಯಾನಿನ ಕೆಳಗೆ ಪುಸ್ತಕದ ದಾರ ಬಿಚ್ಚಿದರು. ಇಡೀ ಸಂವಿಧಾನ ಪಟಪಟ ಹಾರಾಡಿತು. ಮಧ್ಯಾಹ್ನಕ್ಕೆ ಮೆಮೊ: ಎಲ್ಲ ಚೀಟಿಗಳನ್ನೂ ಪೂರ್ತಿಯಾಗಿ ಅಂಟಿಸತಕ್ಕದ್ದು, ತಪ್ಪಿದರೆ ನಿವೃತ್ತಿಯ ಕಾಗದಗಳಿಗೆ ಸಹಿ ಇಲ್ಲ.

ಅಂಟಣ್ಣ ಮೆಮೊ ಮಡಚಿ ಜೇಬಿಗಿಟ್ಟ. ಆಮೇಲೆ ಮೇಡಂ ಕಣ್ಣೆದುರೇ ಕೂತು ಒಂದು ವಾರ ಬ್ರಷ್ ಅದ್ದಿ ಅದ್ದಿ ಬಳಿದ. ಬಟ್ಟಲಲ್ಲಿದ್ದದ್ದು ಬರೀ ನೀರು. ಬೆಳ್ಳಗೆ ಕಾಣಲೆಂದು ಚಿಟಿಕೆ ಸೀಮೆಸುಣ್ಣದ ಪುಡಿ. ಒದ್ದೆ ಚೀಟಿಗಳು ಸಾಧುವಾಗಿ ಮಲಗಿದವು. ಮೇಡಂ ಮೆಚ್ಚಿ ತಲೆಯಾಡಿಸಿದರು. ಅವನು ತಕ್ಷಣ ದಾರ ಬಿಗಿದ.

"ಚೆನ್ನಾಗಿ ಒಣಗ್ಲಿ ಮೇಡಂ. ಒಂದು ತಿಂಗ್ಳು ಯಾರೂ ಬಿಚ್ಚೋದು ಬೇಡ."

ನಿವೃತ್ತಿಗೆ ಇನ್ನು ಒಂಬತ್ತೇ ದಿನ ಉಳಿದಿತ್ತು, ಹೊಸ ತಿದ್ದುಪಡಿ ವಕ್ಕರಿಸಿತು. ಅದರಲ್ಲಿದ್ದದ್ದು ಒಂದೇ ಸಾಲು: "ಹನ್ನೊಂದನೆಯ ವಿಧಿಯು ಹತ್ತೊಂಬತ್ತನೆಯ ತಿದ್ದುಪಡಿಗೆ ಮುಂಚೆ ಇದ್ದಂತೆಯೇ ಇರತಕ್ಕದ್ದು." ಆದರೆ ಇದ್ದದ್ದು ಹೇಗೆ? ಬಂಧಿಸಿದವರನ್ನು "ಸಕಾಲದಲ್ಲಿ" ನ್ಯಾಯಾಧೀಶರ ಮುಂದೆ ತರಬೇಕು ಎನ್ನುತ್ತಿತ್ತು ಈಗಿನ ಚೀಟಿ. ಆ ಸಕಾಲಕ್ಕಾಗಿ ಇಪ್ಪತ್ತಾರು ದಿನ ಲಾಕಪ್ಪಿನಲ್ಲಿ ಕಾದ ಬಡಗಿಯೊಬ್ಬ ಅಂದು ಕಟಕಟೆಯಲ್ಲಿ ನಿಂತಿದ್ದ. ಹಳೆಯ ಮಾತನ್ನು ಈಗಲೇ ತನ್ನಿ ಎಂದು ನ್ಯಾಯಾಧೀಶರು ಹೇಳಿ ಕಳಿಸಿದರು.

ಚೀಟಿಯಿಲ್ಲದ ಹಳೆಯ ಪ್ರತಿಗಳು ಎಂದೋ ರದ್ದಿಗೆ ಹೋಗಿದ್ದವು. ಬೇರೆ ಕೋಣೆಯಿಂದ ತರಿಸಿದ ಪ್ರತಿಯಲ್ಲಿ ಅಲ್ಲಿಯ ಗುಮಾಸ್ತ ಚೀಟಿಯನ್ನು ಪೂರ್ತಿ ಅಂಟಿಸಿದ್ದ. ಮೇಡಂ ಬ್ಲೇಡು ಹಿಡಿದು ಕೆರೆದರು. ಪುಟ ಹರಿಯಿತು.

"ನಿಮ್ ಪುಸ್ತಕದಲ್ಲಿ ಸಿಕ್ತಿತ್ತಲ್ರೀ," ಎಂದರು ಮೇಡಂ, ಅಳುವುದೊಂದು ಬಾಕಿ. "ನಾನೇ ಅಂಟ್ಸಿ ಹಾಳ್ ಮಾಡ್ಸಿದೆ."

ಒಂಬತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಂಟಣ್ಣನ ಕಾಗದಗಳಿಗೆ ಸಹಿ ಬೀಳುತ್ತಿತ್ತು. ಪಕ್ಕದ ಕೋರ್ಟು ಹಾಲಿನ ಬಾಗಿಲ ಸಂದಿಯಿಂದ ಬಡಗಿಯ ಬೆನ್ನು ಕಾಣುತ್ತಿತ್ತು. ಅಂಗಿ ಮೈಗೆ ದೊಗಳೆಯಾಗಿತ್ತು. ಅಂಟಣ್ಣನಿಗೆ ತಡೆಯಲಾಗಲಿಲ್ಲ. ದಾರ ಬಿಚ್ಚಿದ. ಚೀಟಿಗಳೆಲ್ಲ ದಿಗ್ಗನೆ ಎದ್ದು ಕೂತವು. ಹನ್ನೊಂದನೆಯ ವಿಧಿಯ ಚೀಟಿಯನ್ನು ಬೆರಳಿನಿಂದ ಎತ್ತಿದ. ಕೆಳಗೆ "ಒಂದು ದಿನದೊಳಗೆ" ಎಂದಿತ್ತು.

ಮೇಡಂ ಕಣ್ಣು ಕಣ್ಣು ಬಿಟ್ಟರು. "ಮತ್ತೆ ಅಂಟು?"

"ಬರೀ ನೀರು, ಮೇಡಂ."

ಅವರು ಪುಸ್ತಕವನ್ನು ಎದೆಗವಚಿಕೊಂಡು ಓಡಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಬಡಗಿಯ ಬಿಡುಗಡೆಯಾಗಿತ್ತು.

ಮರುದಿನ ಮೇಡಂ ಕರೆಸಿದರು. ಕಾಗದಗಳ ಕಥೆ ಮುಗಿಯಿತು ಎಂದುಕೊಂಡೇ ಅಂಟಣ್ಣ ಹೋದ. ಅವರು ಕೊಟ್ಟದ್ದು ಟೈಪು ಮಾಡಿದ ಒಂದು ಪುಟ್ಟ ಚೀಟಿ. ಅದರಲ್ಲಿ ಒಂದೇ ಪದ: "ಒಂದಂಚಿಗೆ".

"ಮೆಮೊದಲ್ಲಿ 'ಪೂರ್ತಿಯಾಗಿ' ಅಂತಿದ್ಯಲ್ಲ, ಅದ್ರ ಮೇಲೆ ಅಂಟ್ಸಿ."

ಅಂಟಣ್ಣ ಈ ಸಲ ನಿಜವಾದ ಮೈದಾ ಅಂಟನ್ನೇ ಕಲಸಿ ಅಂಟಿಸಿದ. ಮೇಡಂ ಅನುಮಾನದಿಂದ ಉಗುರಿನಲ್ಲಿ ಮೀಟಿದರು. ಎಡ ಅಂಚೊಂದನ್ನು ಬಿಟ್ಟು ಚೀಟಿ ಎದ್ದಿತು.

"ಇದನ್ನಾದ್ರೂ ಪೂರ್ತಿ ಅಂಟ್ಸಬಾರ್ದೇನ್ರೀ?"

"ನಾಳೆ ನಿಮ್ ಮನಸ್ಸು ಬದಲಾದ್ರೆ, ಮೇಡಂ?"