ಬೆಳ್ಳಿಯನ್ನೂ ನಂಬದ ಅಜ್ಜಿ

ಎದುರುಮನೆ ಅಜ್ಜಿಯ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಏನನ್ನು ನೋಡುವಾಗಲೂ ಆ ಕಣ್ಣನ್ನು ಇನ್ನಷ್ಟು ಕಿರಿದು ಮಾಡಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ನೋಡುವರು. ಮೊಸರಿನವಳ ಗಡಿಗೆಯನ್ನೂ ಹಾಗೆಯೇ, ಮದುಕ್ಕರೈಯಿಂದ ಬಂದ ನೆಂಟರನ್ನೂ ಹಾಗೆಯೇ, ರಾತ್ರಿಯ ಆಕಾಶವನ್ನೂ ಹಾಗೆಯೇ. ನಾನು ನೆಗಮಂನ ನೇಕಾರರ ಬೀದಿಗೆ ಸೊಸೆಯಾಗಿ ಬಂದ ದಿನವೇ ಆ ಕಣ್ಣು ನನ್ನ ಬೆನ್ನ ಮೇಲೆ ಬಿದ್ದದ್ದು ಗೊತ್ತಾಯಿತು. ನನಗೂ ಅನುಮಾನದ ಬುದ್ಧಿ ಕಡಿಮೆಯೇನಿರಲಿಲ್ಲ. ಈ ಮುದುಕಿ ರಾತ್ರಿಯೆಲ್ಲ ಜಗಲಿಯ ಮೇಲೆ ಕೂತು ನಮ್ಮ ಬಾಗಿಲನ್ನೇ ಯಾಕೆ ನೋಡುತ್ತಾಳೆ ಎಂದು ಮೊದಲ ವಾರವೇ ಗಂಡನನ್ನು ಕೇಳಿದೆ. ಬಾಗಿಲನ್ನಲ್ಲ, ನಮ್ಮ ಸೂರಿನ ಮೇಲಿನ ಮೂಡಣ ದಿಕ್ಕನ್ನು ನೋಡುತ್ತಾರೆ ಎಂದು ಅವರು ನಕ್ಕರು. ನನಗೆ ನಂಬಿಕೆ ಬರಲಿಲ್ಲ.

ಅದು ಮೂವತ್ತರ ದಶಕ. ಬೀದಿಯಲ್ಲಿ ಗಡಿಯಾರ ಇದ್ದದ್ದು ನೂಲಿನ ಸಾಹುಕಾರರ ಮನೆಯಲ್ಲಿ ಮಾತ್ರ. ಪಾವು, ಅಂದರೆ ಮಗ್ಗಕ್ಕೇರುವ ಹಾಸುನೂಲನ್ನು, ಬೆಳಗಿನ ಜಾವ ಬೀದಿಯುದ್ದಕ್ಕೂ ಚಾಚಿ ಗಂಜಿ ಹಚ್ಚಬೇಕು. ತೀರ ಬೇಗ ಚಾಚಿದರೆ ಇಬ್ಬನಿ ಕುಡಿದು ಎಳೆಗಳು ಒಂದಕ್ಕೊಂದು ಅಂಟುತ್ತವೆ. ತಡವಾದರೆ ಬಿಸಿಲಿಗೆ ಬಿರುಸಾಗಿ ಕಡಿಯುತ್ತವೆ. ಸರಿಯಾದ ಹೊತ್ತು ನೋಡಿ ಬೀದಿಯನ್ನು ಕೂಗಿ ಎಬ್ಬಿಸುವ ಕೆಲಸ ಅಜ್ಜಿಯದು.

ಅವರು ಒಂದೇ ಸಾಕ್ಷಿಯನ್ನು ನಂಬಿದವರಲ್ಲ. ಮೂಡಣದಲ್ಲಿ ಚುಕ್ಕಿ ಏರಬೇಕು, ಕೆರೆಯ ಆಲದಮರಕ್ಕೆ ಬಾವಲಿಗಳು ಮರಳಬೇಕು, ಹುಣಿಸೆಮರದ ಪೊಟರೆಯ ಹಾಲಕ್ಕಿ ಗೂಬೆ ಕೊನೆಯ ಸಲ ಕಿರುಚಿ ಸುಮ್ಮನಾಗಬೇಕು. ಮೂರೂ ಒಪ್ಪಿದರೆ ಮಾತ್ರ ಬಾಯಿ ತೆರೆಯುವರು. ಹಾಲಕ್ಕಿ ಹಸಿವಿಗೂ ಕೂಗುತ್ತದೆ, ಬಾವಲಿ ಪಂಜಿನ ಬೆಳಕಿಗೂ ಬೆದರಿ ಮರಳುತ್ತದೆ, ಚುಕ್ಕಿಗಳಲ್ಲಂತೂ ವೇಷ ಹಾಕುವವೇ ಹೆಚ್ಚು ಎಂಬುದು ಅವರ ದೂರು. ಉಲ್ಕೆ ಉದುರಿದರೆ, ಕಳ್ಳ, ಯಾರಿಗೋ ಹೆದರಿ ಓಡಿದ ಎನ್ನುವರು. ಸಾಹುಕಾರರ ಗಡಿಯಾರದ ಮಾತೆತ್ತಿದರೆ, "ಅದರ ಕಿವಿ ಹಿಂಡೋನು ಅವನು ತಾನೆ? ಅವನು ಹೇಳಿದ್ದೇ ಅದೂ ಹೇಳ್ತದೆ" ಎನ್ನುವರು.

ಆ ಮಾರ್ಗಳಿಯಲ್ಲಿ, ಅಂದರೆ ಧನುರ್ಮಾಸದಲ್ಲಿ, ನಾನು ಸುತ್ತಿದ ಮೊದಲ ಪಾವು ಬೀದಿಗಿಳಿಯುವುದಿತ್ತು. ಮದುವೆ ಸೀರೆಯ ನೂಲು. ಹೊಸ ಸೊಸೆಯ ಕೈಗುಣ ಇದರಲ್ಲಿ ತಿಳಿದುಹೋಗುತ್ತದೆ ಎಂದು ಅತ್ತೆ ನೆರೆಯವರಿಗೆಲ್ಲ ಹೇಳಿಬಿಟ್ಟಿದ್ದರು. ಅತ್ತೆಗೂ ಎದುರುಮನೆ ಅಜ್ಜಿಗೂ ಬಚ್ಚಲ ನೀರಿನ ಹಳೆಯ ಜಗಳವೊಂದಿತ್ತು. ನನಗೆ ನಿದ್ದೆ ಬರಲಿಲ್ಲ. ಎದ್ದು ಬಂದು ನೋಡಿದರೆ ಎದುರಿನ ಜಗಲಿ ಖಾಲಿ. ನಮ್ಮ ಪಾವು ಹಾಳಾಗಲೆಂದೇ ಈ ಮುದುಕಿ ಇವತ್ತು ಕೂಗುವುದಿಲ್ಲ ಎಂದು ನನಗೆ ಖಚಿತವಾಯಿತು. ಹಿತ್ತಿಲಿಗೆ ಹೋದೆ. ಮೂಡಣದಲ್ಲಿ ದೊಡ್ಡ ಚುಕ್ಕಿಯೊಂದು ಹೊಳೆಯುತ್ತಿತ್ತು. ಬೆಳ್ಳಿ ಗೊತ್ತಿಲ್ಲದವರು ಯಾರಿದ್ದಾರೆ? ಆದರೆ ಹೊಸ ಸೊಸೆಯ ಮಾತಿಗೆ ಮನೆ ಏಳುವುದಿಲ್ಲ. ಹಾಗಾಗಿ ಮಾವನವರ ಬಾಗಿಲು ತಟ್ಟಿ, ಎದುರುಮನೆ ಅಜ್ಜಿ ಕೂಗಿದರು ಎಂದೆ.

ಕೈಗೂಡಿಸುವ ನೆರೆಯವರೂ ಎದ್ದು ಬಂದರು. ಪಾವು ಚಾಚಿ ಗಂಜಿ ಹಚ್ಚಿ ಮುಗಿಸಿದರೂ ಕತ್ತಲು ಕರಗಲಿಲ್ಲ. ಒಂದು ಕೋಳಿಯೂ ಕೂಗಲಿಲ್ಲ. ಇಬ್ಬನಿ ಮಾತ್ರ ಸುರಿಯುತ್ತಲೇ ಇತ್ತು. ಬೆಳಕಾಗುವ ಹೊತ್ತಿಗೆ ಎಳೆಗಳು ಹಲಸಿನ ಮೇಣ ಸವರಿದಂತೆ ಅಂಟಿಕೊಂಡಿದ್ದವು. ಆಗ ಅಜ್ಜಿ ಕಂಬಳಿ ಹೊದ್ದು, ಜ್ವರದಲ್ಲಿ ನಡುಗುತ್ತ ಹೊರಗೆ ಬಂದರು. ನಡುರಾತ್ರಿ ಯಾಕೆ ಕೂಗಿದಿರಿ ಎಂದು ಮಾವ ಗಡುಸಾಗಿ ಕೇಳಿದರು. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ನಾನು ಗಂಜಿ ಪಾತ್ರೆ ಎತ್ತಿಕೊಂಡು ಅತ್ತೆಯ ಬೆನ್ನ ಹಿಂದೆ ಸರಿದೆ.

"ಹ್ಞೂಂ, ನಾನ್ ತಾನೆ ಕೂಗ್ದೆ. ಜ್ವರದ ಕಣ್ಣು, ಏಮಾರ್ಬಿಟ್ಟೆ" ಎಂದರು.

ಮರುವಾರದಿಂದ ಸಾಹುಕಾರರ ಕಾವಲಿನವನು ಗಡಿಯಾರ ನೋಡಿ ತಟ್ಟೆ ಬಡಿಯತೊಡಗಿದ. ಅಜ್ಜಿಯನ್ನು ಯಾರೂ ಬಯ್ಯಲಿಲ್ಲ, ಅವರ ಕೂಗಿಗೆ ಯಾರೂ ಕಾಯಲೂ ಇಲ್ಲ. ನಾನು ಮಾತ್ರ ಕಾದೆ. ಈ ಉಪಕಾರಕ್ಕೆ ಏನೋ ಕೇಳುತ್ತಾರೆ, ಸಮಯ ನೋಡಿ ಅತ್ತೆಯ ಮುಂದೆ ನನ್ನ ಮಾನ ತೆಗೆಯುತ್ತಾರೆ ಎಂದು ಹೊಂಚಿ ನೋಡಿದೆ. ಏನೂ ಆಗಲಿಲ್ಲ. ತಡೆಯಲಾರದೆ ಒಂದು ಸಂಜೆ ನಾನೇ ಹೋದೆ. ಅಜ್ಜಿ ನನ್ನನ್ನು ಅವರ ಹಿತ್ತಿಲಿಗೆ ಕರೆದೊಯ್ದು ಪಡುವಣ ತೋರಿಸಿದರು.

"ಅದೋ ಬೆಳ್ಳಿ. ಈ ಕಾಲ್ದಲ್ಲಿ ಸಂಜೆ ಇಲ್ಲಿರೋಳು ಬೆಳಗಾಮುಂಚೆ ಮೂಡಣಕ್ಕೆ ಹೆಂಗೆ ಬತ್ತಾಳೆ ಅಮ್ಮುಣಿ? ಆವತ್ತು ನೀ ನೋಡಿದ್ದು ಗುರು ಚುಕ್ಕಿ."

ನೀವೇ ಕೂಗಿದ್ದೆಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

"ಈ ಮುದುಕೀನ ನಂಬದಿದ್ರೆ ಏನಾಗ್ತದೆ? ನಿನ್ನ ನಂಬದಿದ್ರೆ ಆ ಮನೇಲಿ ನೀ ಹೆಂಗೆ ಬಾಳ್ತೀಯ?"

ನಾಚಿಕೆಯಿಂದ ಸತ್ತೇಹೋದೆ. ಆಮೇಲೆ ನಾಲ್ಕು ವರ್ಷ, ಕೈ ಬಿಡುವಾದಾಗಲೆಲ್ಲ ಅವರ ಪಕ್ಕ ಕೂತು ಚುಕ್ಕಿ, ಹಕ್ಕಿ, ಬಾವಲಿಗಳ ಪಾಠ ಕಲಿತೆ. ಅಜ್ಜಿ ಕಾಯಿಲೆ ಬಿದ್ದು ಮಲಗಿದ ಮೇಲೂ ಬೆಳಗಿನ ಜಾವ ಬೆಳ್ಳಿ ಬಂತಾ ಎಂದು ಕೇಳುವರು. ಬಂತು ಎಂದರೆ, "ನೀ ಹೇಳಿದ್ರೆ ಸಾಲ್ದು, ಬಾವಲಿ ಬಂತಾ ನೋಡು" ಎಂದು ಓಡಿಸುವರು. ಕೊನೆಗೆ ಒಂದು ನಡುಮಧ್ಯಾಹ್ನ, ಯಾವ ಚುಕ್ಕಿಯನ್ನೂ ಕೇಳದೆ ಹೋಗಿಬಿಟ್ಟರು.

ಕರ್ಮಾಂತರದ ದಿನ ಬೀದಿಯೆಲ್ಲ ಸೇರಿತ್ತು. ಆಯಮ್ಮ ಆಯುಸ್ಸಿನಲ್ಲಿ ಒಂದೇ ಒಂದು ಸಲ ಹೊತ್ತು ತಪ್ಪಿದ್ದು ಎಂದು ಮಾವ ನೆನೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಆ ರಾತ್ರಿ ಅವರು ಕೂಗಲೇ ಇಲ್ಲ, ಸುಳ್ಳು ಹೇಳಿ ಎಬ್ಬಿಸಿದವಳು ನಾನು ಎಂದು ಎಲ್ಲರ ಮುಂದೆ ಹೇಳಿದೆ. ಅತ್ತೆ ಬಂದು ಸೆರಗಿನಿಂದ ನನ್ನ ಕಣ್ಣೊರೆಸಿದರು.

"ಸತ್ತೋರ ಮೇಲೆ ಎಷ್ಟೇ ಪ್ರೀತಿ ಇರ್ಲಿ ಅಮ್ಮುಣಿ, ಅವರ ತಪ್ಪ ನೀ ತಲೆ ಮೇಲೆ ಹಾಕ್ಕೋಬಾರ್ದು. ಆಯಮ್ಮನೇ ತನ್ನ ಬಾಯಾರ ಒಪ್ಪಿದ್ಳಲ್ಲ."

ಹೌದೆಂದು ಎಲ್ಲರೂ ತಲೆಯಾಡಿಸಿದರು. ಆಣೆಯಿಟ್ಟು ಮತ್ತೆ ಹೇಳಿದೆ. ಒಬ್ಬರೂ ನಂಬಲಿಲ್ಲ. ನನ್ನ ಕಡೆ ಸಾಕ್ಷಿ ಹೇಳಬಲ್ಲವರು ಅವರೊಬ್ಬರೇ ಇದ್ದರು.