ಏಳನೇ ಪಾಠದ ಕೆಂಪು ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒದ್ದೆ ಬಟ್ಟೆ ನೇತುಹಾಕಿದ ಹಗ್ಗದ ಕೆಳಗೆ ಬಗ್ಗಿ ಬಂದ ಹೆಂಗಸು ಅಡುಗೆಮನೆಯ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪ್ ತೆರೆಯುತ್ತಾರೆ. ನಿನ್ನೆಯದೇನೂ ಉಳಿಯದಂತೆ ಬ್ರೌಸರ್ ಖಾಲಿ ಮಾಡಿ, ಈಗಷ್ಟೇ ಕಲಿಯಲು ಬಂದವರಂತೆ ಏಳನೇ ಪಾಠ ತೆಗೆದು 'ರನ್' ಒತ್ತುತ್ತಾರೆ. ಉತ್ತರ ಬರುತ್ತದೆ, ತಪ್ಪಿದೆಯೆಂದು ತೋರಿಸುವ ಕೆಂಪು ಸಾಲಿಲ್ಲ. ಇದಾಗುವವರೆಗೂ ಅವರು ಚಹಾ ಮುಟ್ಟುವುದಿಲ್ಲ.

ವೆಬ್‌ಸೈಟ್ ಕಟ್ಟುವುದನ್ನು ಕಲಿಸುವ ಪಾಠಗಳಿವು. ಮೇಲೆ ನಾಲ್ಕು ಮಾತಿನ ವಿವರಣೆ, ಕೆಳಗೆ ಕೋಡ್ ಬರೆಯಲು ಚೌಕಗಳು. ಒತ್ತಿದರೆ ಫಲ ಅದೇ ಪುಟದಲ್ಲಿ. ಏನನ್ನೂ ಇನ್‌ಸ್ಟಾಲ್ ಮಾಡುವ ರಗಳೆಯಿಲ್ಲ. ಆದರೆ ಬ್ರೌಸರ್ ಹೊಸದಾದಂತೆಲ್ಲ ಯಾವುದೋ ಪುಟ ಸದ್ದಿಲ್ಲದೆ ಕೆಡುತ್ತದೆ. ದಿನಕ್ಕೆ ನೂರರಷ್ಟು ಪುಟಗಳನ್ನು ಓಡಿಸಿ ನೋಡಿ, ಕೆಟ್ಟದ್ದನ್ನು ರಿಪೇರಿ ಮಾಡುವುದು ಇವರ ಕೆಲಸ. ಕೆಂಪು ಸಾಲು ಹುಡುಕುವುದೇ ಕಸುಬಾದ್ದರಿಂದ ಆಫೀಸಿನವರು ಇಟ್ಟ ಹೆಸರು ಕೆಂಪಕ್ಕ. ನಿಜವಾದ ಹೆಸರು ಪುಟಗಳಲ್ಲೆಲ್ಲೂ ಇಲ್ಲ.

"ಚೆನ್ನಾಗಿ ಓಡಿದ್ರೆ ಯಾರೂ ಏನೂ ಬರೆಯಲ್ಲ, ಕೆಟ್ಟರೆ ಬೈಗುಳ ಬರುತ್ತೆ. ಬೈದವರು ಪರವಾಗಿಲ್ಲ. ಬೈಯದೇ ಎದ್ದು ಹೋದವರದ್ದೇ ಚಿಂತೆ," ಎನ್ನುತ್ತಾರೆ ಕೆಂಪಕ್ಕ.

ಹಾಗೆ ಎದ್ದು ಹೋದವಳೊಬ್ಬಳು ಅವರ ಮನೆಯಲ್ಲೇ ಇದ್ದಾಳೆ.

ವರ್ಷಗಳ ಹಿಂದೆ ಏಳನೇ ಪಾಠ ಬರೆದವರು ಕೆಂಪಕ್ಕನೇ. ಬರೆಯುತ್ತಾ ಒಂದು ಚೌಕ ಹೆಚ್ಚಾಯಿತೆನಿಸಿ ಅಳಿಸಿಬಿಟ್ಟರು. ಮುಂದಿನ ಚೌಕಗಳು ಓಡಲು ಅದರ ಲೆಕ್ಕವೇ ಬೇಕಿತ್ತು. ಪುಟವನ್ನು ಮುಚ್ಚಿ ತೆರೆಯಲಿಲ್ಲವಾದ್ದರಿಂದ, ಅಳಿಸಿದ ಚೌಕದ ಲೆಕ್ಕ ಬ್ರೌಸರಿನ ನೆನಪಿನಲ್ಲಿ ಹಾಗೇ ಉಳಿದಿತ್ತು. ಹಾಗಾಗಿ ಅವರ ಲ್ಯಾಪ್‌ಟಾಪಿನಲ್ಲಿ ಪಾಠ ಸರಾಗವಾಗಿ ಓಡಿತು. ಉಳಿದವರಿಗೆಲ್ಲ ಕೆಂಪು ಸಾಲು. ಲಾಂಡ್ರಿ ಕೆಲಸ ಬಿಟ್ಟು ಈ ಕಸುಬು ಹಿಡಿಯುವ ಆಸೆಯಿಂದ ಕಲಿಯಲು ಕೂತಿದ್ದ ತಂಗಿಗೂ ಅದೇ. ಒಂದು ವಾರ ಗುದ್ದಾಡಿದಳು, ಅಕ್ಕನನ್ನು ಕೇಳಲಿಲ್ಲ. ಅಕ್ಕ ಬರೆದದ್ದು ತಪ್ಪಿರುವುದುಂಟೇ? ತನ್ನ ತಲೆಗೇ ಹತ್ತುತ್ತಿಲ್ಲ ಎಂದು ಕೈಚೆಲ್ಲಿದಳು. ಯಾರೋ ಅಪರಿಚಿತರು ಬೈದು ಬರೆದು, ಪಾಠ ಸರಿಯಾಗುವ ಹೊತ್ತಿಗೆ ಅವಳು ಲಾಂಡ್ರಿಗೆ ಮರಳಿದ್ದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಮ್ಮ ಈಗಲೂ ಛೇಡಿಸುತ್ತಾರೆ. ಕೆಂಪಕ್ಕನಿಗೆ ನಗು ಬರುವುದಿಲ್ಲ.

ಕೆಟ್ಟಿದ್ದು ಪಾಠವೇ ಎಂದು ಇಷ್ಟು ವರ್ಷ ಹೇಳಿದರೂ ತಂಗಿ ನಂಬಿಲ್ಲ. ಈಗ ಹಬೆಯಲ್ಲಿ ಬೆಂದ ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಾ ಚಪ್ಪಲಿ ಹುಡುಕುತ್ತಿದ್ದಾಳೆ.

"ಒಂದೇ ಒಂದ್ಸಲ ಬಂದು ಒತ್ತಿ ನೋಡೇ," ಎನ್ನುತ್ತಾರೆ ಕೆಂಪಕ್ಕ.

"ಬಿಡಕ್ಕ, ನನ್ನ ಸಮಾಧಾನಕ್ಕೆ ಏನೋ ಹೇಳ್ತೀಯ. ನನ್ನ ತಲೆ ಎಷ್ಟು ಅಂತ ನನಗೆ ಗೊತ್ತಿಲ್ವಾ?"

"ತಪ್ಪು ನಂದು ಕಣೇ."

"ಆಯ್ತು, ನಿಂದೇ. ಬಸ್ಸು ಹೋಗಿಬಿಡುತ್ತೆ."

ಬಾಗಿಲು ಮುಚ್ಚುತ್ತದೆ. ಮೆಟ್ಟಿಲ ಮೇಲಿನ ಸದ್ದು ಅಡಗಿದ ಮೇಲೆ ಕೆಂಪಕ್ಕ ಮುಂದಿನ ಪುಟ ತೆರೆಯುತ್ತಾರೆ. ಹಳೆಯ ಪಾಠಗಳನ್ನೆಲ್ಲ ಈ ತಿಂಗಳ ಕೊನೆಗೆ ತೆಗೆದುಹಾಕಲು ಆಫೀಸು ತೀರ್ಮಾನಿಸಿದೆ. ಏಳನೆಯದೂ ಅದರಲ್ಲಿ ಸೇರಿದೆ. ಚಹಾ ಆರಿ ಹೋಗಿದೆ.

"ಅವಳು ಕಲೀಬೇಕು, ಲಾಂಡ್ರಿ ಬಿಡಬೇಕು ಅಂತೆಲ್ಲ ನಾನೀಗ ಕೇಳಲ್ಲ," ಎನ್ನುತ್ತಾರೆ. "ಆ ಪುಟ ಹೋಗೋದ್ರೊಳಗೆ ಒಂದ್ಸಲ ಒತ್ತಿ, ಕೆಂಪು ಬರದೇ ಇರೋದನ್ನ ಕಣ್ಣಾರೆ ನೋಡ್ಲಿ. ತಾನು ದಡ್ಡಿ ಅಲ್ಲ ಅಂತ ಅವಳಿಗೆ ಗೊತ್ತಾದ್ರೆ ಸಾಕು."